ಕಾರಿನ ಕೆಳಗೆ ನಿಂತು ಒಮ್ಮೆ ನೋಡಿ

ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು.

ಸುತ್ತಿಗೆಯಿಂದ ಹೊಡೆದದ್ದಲ್ಲ. ಜೋರಾಗಿ ತಳ್ಳಿದ್ದೂ ಅಲ್ಲ. ಬೆಂದಿದೆಯೋ ಇಲ್ಲವೋ ಎಂದು ಆಲೂಗಡ್ಡೆಗೆ ಚುಚ್ಚಿ ನೋಡುವವರ ಹಾಗೆ ಮೆಕ್ಯಾನಿಕ್ ಎರಡೇ ಬೆರಳಲ್ಲಿ ಒತ್ತಿದ್ದ. ಅಷ್ಟಕ್ಕೇ ಅದು ಕಾರಿನ ತಳದೊಳಗೆ ಸರಕ್ಕನೆ ಇಳಿದುಬಿಟ್ಟಿತು.

"ಲೋ, ಏನೋ ಮಾಡ್ದೆ?" ಪೇಂಟರ್ ಕೂಗಿದರು. "ಸರಿಯಾಗಿದ್ದ ಕಾರಿಗೆ ತೂತು ಹಾಕ್ಬಿಟ್ಟೆಯಲ್ಲೋ!"

"ನಾನು ಹಾಕಿದ್ದಲ್ಲ ಭಾವ, ಮೊದಲೇ ಇತ್ತು. ನಾನು ಬರೀ ಕದ ತಟ್ಟಿದೆ. ಅದು ತೆಗೀತು."

ಕಾರು ಅವರ ತಲೆಯ ಮೇಲಿತ್ತು. ಚಕ್ರಗಳಿಗೆ ಎರಡು ಉದ್ದನೆಯ ಕಬ್ಬಿಣದ ಹಲಗೆ ಕೊಟ್ಟು ವರ್ಕ್‌ಶಾಪಿನ ಲಿಫ್ಟು ಅದನ್ನು ಆಳೆತ್ತರಕ್ಕೆ ಎತ್ತಿ ನಿಲ್ಲಿಸಿತ್ತು. ಕೆಳಗೆ ಮೂವರು. ಕಾರಿನ ಯಜಮಾನರಾದ ಪೇಂಟರ್. ಹೊಲಿಗೆ ಅಂಗಡಿ ನಡೆಸುವ ಅವರ ಹೆಂಡತಿ. ಬೀದಿಯವರೆಲ್ಲ ಅವರನ್ನು ಟೈಲರಮ್ಮ ಎನ್ನುತ್ತಾರೆ. ಮೂರನೆಯವನು ಟೈಲರಮ್ಮನ ತಮ್ಮ, ಈ ಮೆಕ್ಯಾನಿಕ್.

ಹತ್ತೊಂಬತ್ತು ವರ್ಷ ಗಂಡ ಹೆಂಡತಿ ಈ ಕಾರಿನೊಳಗೆ ಕೂತಿದ್ದರು. ಪೇಂಟರ್ ವರ್ಷಕ್ಕೊಮ್ಮೆ ಜಾಕ್ ಕೊಟ್ಟು ಅದರ ಕೆಳಗೆ ಮಲಗಿದ್ದೂ ಉಂಟು. ಆದರೆ ಕೆಳಗೆ ನಿಂತು, ಕತ್ತೆತ್ತಿ ನೋಡಿದ್ದು ಇಬ್ಬರಿಗೂ ಇದೇ ಮೊದಲು.

"ಅಬ್ಬಾ," ಎಂದರು ಟೈಲರಮ್ಮ. "ಒಳಗೆ ಕೂತ್ರೆ ಮೊಣಕಾಲು ತಾಗುತ್ತೆ. ಇಲ್ಲಿಂದ ನೋಡಿದ್ರೆ ಎಷ್ಟು ದೊಡ್ಡದಿದೆಯಪ್ಪಾ ಇದು!"

ನಿಜ. ದಪ್ಪ ಕೊಳವೆ, ಸಣ್ಣ ಕೊಳವೆ, ಅಡ್ಡ ತೊಲೆ, ಉದ್ದ ತೊಲೆ. ಊರೊಂದನ್ನು ಮಗುಚಿ ತಲೆಯ ಮೇಲೆ ಹಿಡಿದಂತೆ ಅದು ಕಾಣುತ್ತಿತ್ತು. ಅದರ ಮೇಲೆ ಕೂತು ಎಲ್ಲೆಲ್ಲಿಗೋ ಹೋಗಿ ಬಂದಿದ್ದೇವೆ, ಒಂದು ದಿನವೂ ಕೆಳಗೆ ಏನಿದೆ ಎಂದು ಕೇಳಲಿಲ್ಲವಲ್ಲ ಎಂದು ಟೈಲರಮ್ಮನಿಗೆ ಆಶ್ಚರ್ಯವಾಯಿತು.

ಅವರು ಬಂದದ್ದು ಒಂದು ಸಣ್ಣ ಸದ್ದಿಗಾಗಿ. ನಿನ್ನೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಹಿಂದಿನ ಸೀಟಿನ ಕೆಳಗೆ ಎಲ್ಲೋ 'ಕಟಕ್' ಎಂದಿತ್ತು. ನಾಳೆ ಬೆಳಗ್ಗೆ ಮಗಳ ಊರಿಗೆ ಹೊರಡಬೇಕು. ಹೆದ್ದಾರಿಯಲ್ಲಿ ಆರು ಗಂಟೆಯ ದಾರಿ. ಬರುವಾಗ ಮಗಳು, ಎರಡು ಮೊಮ್ಮಕ್ಕಳು ಜೊತೆಗಿರುತ್ತಾರೆ.

"ಒಂದೇ ಒಂದು ವೆಲ್ಡಿಂಗ್ ಚುಕ್ಕಿ ಇಟ್ಟು ಕೊಡೋ," ಎಂದರು ಪೇಂಟರ್. "ನೀನು ಬಾಮೈದ ಅಂತ ನಿನ್ನ ಹತ್ರ ಬಂದೆ. ಬೇರೆ ಕಡೆ ಹೋಗಿದ್ರೆ ಇಷ್ಟೊತ್ತಿಗೆ ಮುಗಿಸಿ, ಚಹಾ ಕೂಡ ಕೊಟ್ಟಿರೋರು."

"ಚಹಾ ನಾನೂ ಕೊಡ್ತೀನಿ. ಚುಕ್ಕಿ ಇಡೋಕೆ ಜಾಗ ಎಲ್ಲಿದೆ ತೋರಿಸಿ ಭಾವ."

"ಎಂಜಿನ್ ನೋಡೋ! ಒಂದೇ ತಿರುವಿಗೆ ಸ್ಟಾರ್ಟ್ ಆಗುತ್ತೆ. ಚಳಿಯಲ್ಲೂ ನನಗಿಂತ ಮೊದಲು ಏಳುತ್ತೆ."

"ನಿಮಗಿಂತ ಮೊದಲು ಏಳೋದು ಅಂಥಾ ದೊಡ್ಡ ಸಾಧನೆ ಏನಲ್ಲ," ಎಂದರು ಟೈಲರಮ್ಮ.

"ಎಂಜಿನ್ ಚಿನ್ನ ಭಾವ. ಅದರ ಬಗ್ಗೆ ನಾನು ಮಾತೇ ಆಡಲ್ಲ," ಎಂದ ಮೆಕ್ಯಾನಿಕ್. "ಎಲ್ಲರೂ ಮೋಸ ಹೋಗೋದು ಅಲ್ಲೇ. ಎಂಜಿನ್ ಚೆನ್ನಾಗಿದ್ರೆ ಕಾರು ಚೆನ್ನಾಗಿದೆ ಅಂದ್ಕೋತಾರೆ. ಎಂಜಿನ್ ಕೆಟ್ರೆ ಕಾರೇ ಹೋಯ್ತು ಅಂತಾರೆ. ಎರಡೂ ತಪ್ಪು. ಬ್ರೇಕು, ಕ್ಲಚ್ಚು, ಟೈರು, ಎಂಜಿನ್ನು, ಇವೆಲ್ಲ ಬಿಚ್ಚಿ ಹಾಕೋ ಸಾಮಾನು. ಹಳೇದು ತೆಗಿ, ಹೊಸದು ಕೂರಿಸು, ಮುಗೀತು. ಆದ್ರೆ ಇವನ್ನೆಲ್ಲ ಹಿಡ್ಕೊಂಡಿರೋದು ಯಾವುದು? ಈ ತಳ. ಚಕ್ರ ನಿಂತಿರೋದು ಇದರ ಮೇಲೆ. ಸೀಟು ನಿಂತಿರೋದು ಇದರ ಮೇಲೆ. ಅಕ್ಕ ಕಟ್ಕೊಳ್ಳೋ ಬೆಲ್ಟಿನ ಬೋಲ್ಟು ಕೂತಿರೋದೂ ಇದರೊಳಗೇ."

"ಅಕ್ಕ ಬೆಲ್ಟ್ ಕಟ್ಕೊಳ್ಳಲ್ಲ ಕಣೋ," ಎಂದರು ಟೈಲರಮ್ಮ. "ಮುಂದಿನ ಸೀಟಲ್ಲಿ ಬಣ್ಣದ ಡಬ್ಬ ಕೂತಿರುತ್ತೆ, ಚೆಲ್ಲಬಾರದು ಅಂತ ಅದಕ್ಕೆ ಬೆಲ್ಟು. ಹಿಂದೆ ಕೂತಿರೋ ಹೆಂಡತಿ ಚೆಲ್ಲಿದ್ರೂ ನಡೆಯುತ್ತೆ."

ಪೇಂಟರ್ ಕೇಳಿಸದವರಂತೆ ಚಕ್ರದ ಕಡೆ ನೋಡಿದರು.

ಮೆಕ್ಯಾನಿಕ್ ಒಂದು ಚಿಕ್ಕ ಸುತ್ತಿಗೆ ತೆಗೆದ. ಅವನು ಯಾವ ಹಳೆಯ ಕಾರನ್ನೂ ಮೊದಲು ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತಾನೆ. ಮುಂದಿನ ಚಕ್ರದ ಹತ್ತಿರ ತಟ್ಟಿದ. ಟಣ್. ಒಂದು ಗೇಣು ಹಿಂದೆ. ಟಣ್. ಇನ್ನೊಂದು ಗೇಣು. ಟಣ್. ಹಿಂದಿನ ಬಾಗಿಲ ಕೆಳಗೆ ಬಂದಾಗ ಸದ್ದು ಬದಲಾಯಿತು. ಥಪ್. ಒದ್ದೆ ಚೀಲಕ್ಕೆ ಹೊಡೆದ ಹಾಗೆ. ಥಪ್. ಥಪ್.

ಟೈಲರಮ್ಮ ಕೈ ಚಾಚಿ ಸುತ್ತಿಗೆ ಇಸಿದುಕೊಂಡರು. ತಾವೇ ತಟ್ಟಿ ನೋಡಿದರು. ಟಣ್, ಟಣ್, ಥಪ್. ಮತ್ತೆ ಮೊದಲಿಂದ. ಕಬ್ಬಿಣ ಉತ್ತರ ಕೊಡುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಮದುವೆಗೆ ಮುಂಚೆ ಭಾವನಿಗೂ ಹೀಗೇ ಒಂದು ಸಲ ತಟ್ಟಿ ನೋಡಬೇಕಿತ್ತು ಅಕ್ಕ."

"ತಟ್ಟಿದ್ರೂ ಡಬ್ಬದ ಸದ್ದೇ ಬರ್ತಿತ್ತು ಬಿಡು. ಗೊತ್ತಿದ್ದೇ ಆದದ್ದು."

"ಅಕ್ಕ ತಮ್ಮ ಸೇರಿ ಆಡ್ಕೊಳ್ಳಿ," ಎಂದರು ಪೇಂಟರ್. "ಹೊಸದು ಹೊಸದು ಅಂತ ಓಡಿ ಹೋದವರು ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ ಬರ್ತಾರೆ. ಕಾರೂ ಅಷ್ಟೇ."

"ಗಂಡ ಹಳಬ ಆದ್ರೆ ಪರವಾಗಿಲ್ಲರೀ. ಕೆಳಗೆ ನೆಲ ಇರಬೇಕು."

ಮೆಕ್ಯಾನಿಕ್ ನಗಲಿಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳಾದ ಕಬ್ಬಿಣದ ಪಟ್ಟಿಯ ಮೇಲೆ ಅವನ ಬೆರಳು ಏನನ್ನೋ ಹುಡುಕುತ್ತ ನಡೆಯುತ್ತಿತ್ತು.

"ಭಾವ, ಇಲ್ಲಿ ಸಾಲಾಗಿ ಸಣ್ಣ ತೂತುಗಳಿರಬೇಕಿತ್ತು. ಎಲ್ಲಿ?"

ಪೇಂಟರ್ ಮುಖ ಅರಳಿತು. ಕೊನೆಗೂ ತಮ್ಮ ಕೆಲಸವನ್ನು ಗಮನಿಸುವವನೊಬ್ಬ ಸಿಕ್ಕಿದ. "ಅದಾ! ಕಾರು ತಂದ ವರ್ಷವೇ ಮುಚ್ಚಿದೆ. ಕಂಪನಿಯವರು ಸೋಮಾರಿಗಳು ಕಣೋ, ತೂತು ಹಾಗೇ ಬಿಟ್ಟಿದ್ರು. ಮಳೆ ನೀರು ಒಳಗೆ ಹೋದ್ರೆ ಗತಿಯೇನು? ಒಂದೊಂದಕ್ಕೂ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ಬಣ್ಣ. ಬಾಗಿಲ ಕೆಳಗಿನವನ್ನೂ ಬಿಡಲಿಲ್ಲ. ಎಲ್ಲಿತ್ತು ಅಂತ ನೀನೇ ಕಂಡುಹಿಡಿಯೋಕೆ ಆಗ್ಲಿಲ್ಲ ನೋಡು!"

ತೂತು ಕಂಡರೆ ಸುಮ್ಮನಿರುವ ಕೈ ಅದಲ್ಲ. ಮೂವತ್ತು ವರ್ಷ ಗೋಡೆಗಳ ಮೊಳೆ ತೂತು, ಬಿರುಕು, ಗುಳಿ ಎಲ್ಲವನ್ನೂ ಮುಚ್ಚಿಕೊಂಡು ಬಂದ ಕೈ.

ಮೆಕ್ಯಾನಿಕ್ ಒಂದು ಬಕೆಟ್ಟು ತಂದು ಕೆಳಗಿಟ್ಟ. ಚೂಪಾದ ಮೊಳೆಯಿಂದ ಪಟ್ಟಿಯ ಒಂದು ಜಾಗದಲ್ಲಿ ಕೆರೆದ. ಹಳೆಯ ಪುಟ್ಟಿಯ ಬಿರಡೆ ಟಪ್ಪೆಂದು ಉದುರಿತು.

ನೀರು ಬಂತು.

ತೊಟ್ಟಿಕ್ಕಲಿಲ್ಲ, ಸುರಿಯಿತು. ಕಡು ಕಂದು ಬಣ್ಣದ ನೀರು. ಬಕೆಟ್ಟಿನ ತಳ ಮುಚ್ಚಿತು, ಕಾಲು ಭಾಗ ತುಂಬಿತು, ಇನ್ನೂ ಬರುತ್ತಲೇ ಇತ್ತು. ಮಳೆ ಬಂದು ಎರಡು ತಿಂಗಳಾಗಿತ್ತು. ಹೊರಗೆ ರಸ್ತೆಯಲ್ಲಿ ಧೂಳೇಳುತ್ತಿತ್ತು. ಇಲ್ಲಿ, ಒಣಗಿದ ಶೆಡ್ಡಿನೊಳಗೆ, ಹೋದ ಮಳೆಗಾಲ ಸುರಿಯುತ್ತಿತ್ತು. ಮೂವರೂ ಬಕೆಟ್ಟಿನ ಸುತ್ತ ನಿಂತು ಆ ಧಾರೆಯನ್ನೇ ನೋಡಿದರು.

"ಆ ತೂತು ನೀರು ಒಳಗೆ ಬರೋಕೆ ಇಟ್ಟಿದ್ದಲ್ಲ ಭಾವ," ಎಂದ ಮೆಕ್ಯಾನಿಕ್ ಮೆಲ್ಲಗೆ. "ಹೊರಗೆ ಹೋಗೋಕೆ. ಕಿಟಕಿ ಗಾಜಿನ ಸಂದಿಯಿಂದ, ಬಾಗಿಲ ಸಂದಿಯಿಂದ ನೀರು ಹೇಗಿದ್ರೂ ಇಳಿಯುತ್ತೆ. ಯಾರೂ ತಡೆಯೋಕೆ ಆಗಲ್ಲ. ಇಳಿದದ್ದು ಹೊರಗೆ ಹೋಗಲಿ ಅಂತ ಕಂಪನಿಯವರು ದಾರಿ ಬಿಟ್ಟಿರ್ತಾರೆ. ನೀವು ದಾರಿ ಮುಚ್ಚಿದ್ರಿ. ಹತ್ತೊಂಬತ್ತು ಮಳೆಗಾಲ ಒಳಗೇ ನಿಂತ್ಕೊಂಡು, ಒಳಗಿಂದಲೇ ತಿಂತು."

"ನಾನಾ?" ಎಂದರು ಪೇಂಟರ್. "ನಾನೇನಾ?"

ಬಕೆಟ್ಟಿಗೆ ನೀರು ಬೀಳುತ್ತಲೇ ಇತ್ತು.

ಪೇಂಟರ್ ಜೇಬಿನಿಂದ ಪುಟ್ಟಿ ಬ್ಲೇಡು ತೆಗೆದರು. ಅವರ ಜೇಬಿನಲ್ಲಿ ಬೇರೆ ಏನಿಲ್ಲದಿದ್ದರೂ ಅದಿರುತ್ತದೆ. ಸ್ಕ್ರೂಡ್ರೈವರ್ ಹೋದ ತೂತಿನ ಅಂಚಿಗೆ ಬ್ಲೇಡು ಕೊಟ್ಟು ಎಬ್ಬಿಸಿದರು. ಅಂಗೈಯಗಲದ ಒಂದು ಹಕ್ಕಳೆ ಕಳಚಿ ಕೈಗೆ ಬಂತು. ಅಡ್ಡಲಾಗಿ ಹಿಡಿದು ಬೆಳಕಿಗೆ ತಿರುಗಿಸಿದರು.

ಮರ ಕಡಿದಾಗ ಒಳಗೆ ಸುತ್ತುಗಳು ಕಾಣುತ್ತವಲ್ಲ, ಹಾಗೆ ಪದರದ ಮೇಲೆ ಪದರ, ಬಣ್ಣದ ಮೇಲೆ ಬಣ್ಣ. ಕಾರಿನ ಮೈಗೆ ಪೇಂಟರ್ ಯಾವಾಗಲೂ ಹಾಲಿನ ಕೆನೆಯ ಬಣ್ಣವನ್ನೇ ಹೊಡೆಯುತ್ತಿದ್ದರು. ಆದರೆ ತಳಕ್ಕೆ, ಯಾರಿಗೂ ಕಾಣದ ಕಡೆಗೆ, ಕೆಲಸದಲ್ಲಿ ಉಳಿದ ಬಣ್ಣ. ಕಾಣದ ಕಡೆಗೂ ಹೊಡೆಯುವವನೇ ನಿಜವಾದ ಪೇಂಟರ್ ಎಂಬುದು ಅವರ ಮಾತು.

"ಈ ಹಸಿರು ಗ್ರಂಥಾಲಯದ್ದು," ಎಂದರು. ಬೆರಳಿನ ಉಗುರು ಗೆರೆಯಿಂದ ಗೆರೆಗೆ ನಡೆಯಿತು. "ಈ ನೀಲಿ ಈಜುಕೊಳದ್ದು. ಇದು ಬ್ಯಾಂಕಿನ ಬೂದಿ ಬಣ್ಣ. ಈ ಗುಲಾಬಿ ಹೆರಿಗೆ ವಾರ್ಡಿನದು, ನಮ್ಮ ಮೊಮ್ಮಗಳು ಹುಟ್ಟಿದ ವರ್ಷ. ಇದು... ಇದು ಮಗಳು ಹೈಸ್ಕೂಲಿಗೆ ಸೇರಿದಾಗ ಅವಳ ಶಾಲೆಗೆ ಹೊಡೆದದ್ದು."

ಇಡೀ ಊರು ಅಲ್ಲಿತ್ತು. ಒಂದು ಬಿಸ್ಕತ್ತಿನ ದಪ್ಪದೊಳಗೆ ಹತ್ತೊಂಬತ್ತು ವರ್ಷ ಇತ್ತು. ಟೈಲರಮ್ಮ ಬಾಯಿ ತೆರೆದು ನೋಡಿದರು.

ಕೊನೆಯ ಪದರದ ಆಚೆ ಪೇಂಟರ್ ಉಗುರಿಗೆ ಕಬ್ಬಿಣ ಸಿಗಬೇಕಿತ್ತು. ಕಂದು ಪುಡಿ ಸಿಕ್ಕಿತು. ಊದಿದರು. ಅದೂ ಹಾರಿಹೋಯಿತು.

"ಕಬ್ಬಿಣ ಎಲ್ಲೋ?"

"ಇಲ್ಲ ಭಾವ. ಈ ಜಾಗದಲ್ಲಿ ಕಾರನ್ನ ಇಷ್ಟು ದಿನ ಹಿಡ್ಕೊಂಡಿದ್ದು ಕಬ್ಬಿಣ ಅಲ್ಲ. ನಿಮ್ಮ ಬಣ್ಣ."

ಹೊಗಳಿಕೆಯೋ ಬೈಗುಳವೋ ಪೇಂಟರಿಗೆ ತಿಳಿಯಲಿಲ್ಲ. ಮೆಕ್ಯಾನಿಕ್‌ಗೂ ತಿಳಿದಿರಲಿಲ್ಲ. ಅವನು ನಿಜಕ್ಕೂ ಬೆರಗಾಗಿದ್ದ.

ತಂತಿ ಬ್ರಷ್ಷಿನಿಂದ ಅವನು ಹಿಂದಿನ ಸೀಟಿನ ಕೆಳಭಾಗವನ್ನೆಲ್ಲ ಉಜ್ಜಿದ. ಸಡಿಲ ಬಣ್ಣ ಸುರಿಯಿತು. ಆಮೇಲೆ ಏಣಿ ಹತ್ತಿ ಕಾರಿನೊಳಗೆ ಕೈ ಹಾಕಿ, ನೆಲದ ಮ್ಯಾಟು ಸರಿಸಿ, ಹಿಂದಿನ ಸೀಟನ್ನು ಎತ್ತಿ, ಉರಿಯುವ ಕರೆಂಟ್ ದೀಪವೊಂದನ್ನು ಒಳಗಿಟ್ಟು ಬಾಗಿಲು ಹಾಕಿದ. ಇಳಿದು ಬಂದು ಶೆಡ್ಡಿನ ಶಟರನ್ನು ಕೆಳಗೆ ಎಳೆದ. ಮಧ್ಯಾಹ್ನದ ಬಿಸಿಲು ಹೊರಗೆ ಉಳಿಯಿತು. ಒಳಗೆ ಗವ್ವೆನ್ನುವ ಕತ್ತಲೆ.

"ಈಗ ಮೇಲೆ ನೋಡಿ."

ನೋಡಿದರು.

ಆಕಾಶ. ಬೇರೆ ಮಾತಿಲ್ಲ. ಸೂಜಿಮೊನೆಯಷ್ಟು, ಎಳ್ಳಿನಷ್ಟು, ಬಟಾಣಿಯಷ್ಟು ಬೆಳಕಿನ ಚುಕ್ಕಿಗಳು. ಕೆಲವು ಒಂಟಿಯಾಗಿ, ಕೆಲವು ಗುಂಪಾಗಿ, ನಡುವೆ ಹೊಳೆಯ ಹಾಗೆ ಹರಿದ ಒಂದು ಮಸುಕು ಪಟ್ಟೆ. ಧೂಳಿನ ಕಣಗಳು ಆ ಬೆಳಕಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದವು. ಅಷ್ಟು ಚೆಂದದ್ದು ಅಷ್ಟು ಕೆಟ್ಟದ್ದೂ ಆಗಿರಬಹುದು ಎಂದು ಅವರು ಎಂದೂ ಎಣಿಸಿರಲಿಲ್ಲ.

"ಇದರಲ್ಲಿ," ಎಂದರು ಟೈಲರಮ್ಮ, "ನಾನು ಕೂರೋ ಜಾಗ ಯಾವುದೋ?"

ಮೆಕ್ಯಾನಿಕ್ ತೋರಿಸಿದ. ಚುಕ್ಕಿಗಳು ಅತಿ ದಟ್ಟವಾಗಿದ್ದ ಜಾಗ. ಅಲ್ಲೊಂದು ಬೋಲ್ಟಿನ ಸುತ್ತ ತೆಳುವಾದ ಬೆಳಕಿನ ಬಳೆ.

"ಆ ಬಳೆ ಏನು?"

"ಬೆಲ್ಟಿನ ಬೋಲ್ಟು ಅಕ್ಕ. ಬಳೆ ಇರೋ ಕಡೆಯೆಲ್ಲ ಕಬ್ಬಿಣ ಇರಬೇಕಿತ್ತು. ನಾಳೆ ನೀನು ಕಟ್ಕೊಂಡಿದ್ರೂ, ಮಕ್ಕಳಿಗೆ ಕಟ್ಟಿದ್ರೂ, ಗಟ್ಟಿಯಾಗಿ ಒಂದು ಬ್ರೇಕ್ ಹಾಕಿದ್ರೆ ಸಾಕು, ಬೆಲ್ಟು ಬೋಲ್ಟು ಸಮೇತ ಕೈಗೆ ಬರುತ್ತೆ. ನಿನ್ನೆ ಕಟಕ್ ಅಂದಿದ್ದು ಸೀಟಿನ ಕಾಲು. ಅದು ಆಗಲೇ ಒಂದು ಕಡೆ ಕಳಚಿದೆ."

ಶಟರ್ ಮೇಲೆದ್ದಿತು. ಬೆಳಕು ಬಂತು. ಮೂವರೂ ಕಣ್ಣು ಕಿರಿದಾಗಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಆದರೆ ಪೇಂಟರ್ ಸುಲಭಕ್ಕೆ ಬಿಡುವವರಲ್ಲ. "ಸರಿ. ಹಾಳಾಗಿದೆ, ಒಪ್ಪಿದೆ. ಹಾಳಾದ ಕಡೆ ಕತ್ತರಿಸು. ಹೊಸ ತಗಡು ಇಡು. ವೆಲ್ಡ್ ಮಾಡು. ನಿನ್ನ ಕೆಲಸ ಅದೇ ತಾನೇ?"

"ಎಲ್ಲಿಗೆ ವೆಲ್ಡ್ ಮಾಡ್ಲಿ? ಸುತ್ತ ಗಟ್ಟಿ ಕಬ್ಬಿಣ ಇದ್ರೆ—"

"ತೇಪೆ," ಎಂದರು ಟೈಲರಮ್ಮ.

ಇಬ್ಬರೂ ತಿರುಗಿದರು.

"ಪ್ಯಾಂಟು ಮೊಣಕಾಲಲ್ಲಿ ಹರಿದಿರುತ್ತೆ ಅಂತಿಟ್ಕೊಳ್ಳಿ. ತೇಪೆ ಹಾಕ್ತೀನಿ, ಇನ್ನೆರಡು ವರ್ಷ ಬರುತ್ತೆ. ಯಾಕೆ ಬರುತ್ತೆ? ಸುತ್ತ ಬಟ್ಟೆ ಗಟ್ಟಿ ಇದೆ, ದಾರ ಹಿಡಿಯುತ್ತೆ. ಬಟ್ಟೆಯೇ ಸವೆದು ಜಾಳಾಗಿದ್ರೆ? ಸೂಜಿ ಹಾಕಿದ ಕಡೆಯೆಲ್ಲ ಹೊಸ ತೂತು. ಅಂಥದ್ದನ್ನ ತಂದವರಿಗೆ ನಾನು ಏನಂತೀನಿ? ತೇಪೆ ಹಾಕಲ್ಲ, ನೆಲ ಒರೆಸೋಕೆ ಇಟ್ಕೊಳ್ಳಿ ಅಂತೀನಿ." ಅವರು ತಮ್ಮನ ಕಡೆ ನೋಡಿದರು. "ಅದೇ ತಾನೇ?"

"ಅದೇ ಅಕ್ಕ. ನಾನು ಅರ್ಧ ದಿನ ಹೇಳೋದನ್ನ ಒಂದು ಪ್ಯಾಂಟಲ್ಲಿ ಮುಗಿಸ್ದೆ."

"ಬೇರೆ ಮೆಕ್ಯಾನಿಕ್ ಹತ್ರ ತೋರಿಸ್ತೀನಿ," ಎಂದರು ಪೇಂಟರ್.

"ತೋರಿಸಿ. ಒಬ್ಬರ ಮಾತು ಕೇಳಿ ಕಾರು ಮುರಿಯೋಕೂ ಹೋಗಬಾರದು, ಉಳಿಸೋಕೂ ಹೋಗಬಾರದು. ಮುಂದಿನ ರಸ್ತೆಯವರ ಹತ್ರ ಕೇಳಿ. ಅವರು ಮಾಡ್ಕೊಡ್ತೀನಿ ಅಂದ್ರೆ ಒಂದೇ ಪ್ರಶ್ನೆ ಹಾಕಿ: ರಿಪೇರಿ ಆದ ಮೇಲೆ ನಿಮ್ಮ ಮಗುವನ್ನ ಈ ಸೀಟಲ್ಲಿ ಕೂರಿಸಿ ಹೆದ್ದಾರಿಗೆ ಹೋಗ್ತೀರಾ? ಬಾಯಿ ಏನು ಹೇಳುತ್ತೆ ಅಂತ ಕೇಳ್ಬೇಡಿ, ಮುಖ ನೋಡಿ."

ಪೇಂಟರ್ ಮುಖ ತಿರುಗಿಸಿದರು. ಕಾರಿನಿಂದ ಇಳಿಸಿ ಗೋಡೆಗೆ ಒರಗಿಸಿದ್ದ ತಮ್ಮ ಏಣಿಯ ಕಡೆ ನೋಡಿದರು. ಕಾರಿನ ತಲೆಯ ಮೇಲೆ ಹತ್ತೊಂಬತ್ತು ವರ್ಷ ಸವಾರಿ ಮಾಡಿದ ಏಣಿ.

"ಭಾವ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಒದ್ದೆ ಗೋಡೆಗೆ ನೀವು ಬಣ್ಣ ಹೊಡೀತೀರಾ?"

ಪೇಂಟರ್ ಬದಲು ಟೈಲರಮ್ಮ ಉತ್ತರಿಸಿದರು. "ಇವರಾ? ಎಷ್ಟು ಮನೆಯಿಂದ ಎದ್ದು ಬಂದಿದ್ದಾರೆ ಗೊತ್ತಾ! ಒಳಗೆ ಪೈಪು ಸೋರ್ತಿದೆ, ಮೊದಲು ಅದನ್ನ ಸರಿ ಮಾಡಿಸಿ ಅಂತಾರೆ. ಮನೆಯವರು ಪರವಾಗಿಲ್ಲ, ನೆಂಟರು ಬರ್ತಾರೆ, ಮೇಲೆ ಚೆಂದ ಕಂಡ್ರೆ ಸಾಕು ಅಂತಾರೆ. ಆಗ ಇವರು 'ಹೊಡೆಯಲ್ಲ' ಅಂತಾರೆ. ಅಷ್ಟೇ ಮಾತು. ಏಣಿ ಹೆಗಲ ಮೇಲೆ ಹಾಕ್ಕೊಂಡು ಬಂದ್ಬಿಡ್ತಾರೆ. ಮೇಲೆ ಥಳುಕು ಒಳಗೆ ಹುಳುಕು ನನಗಾಗಲ್ಲ ಅಂತ ಮನೆಗೆ ಬಂದು ನನಗೆ ಭಾಷಣ."

ಪೇಂಟರ್ ಕೈಯಲ್ಲಿದ್ದ ಬಣ್ಣದ ಹಕ್ಕಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟರು.

"ನಾಳೆ ಬಸ್ಸಲ್ಲಿ ಹೋಗೋಣ," ಎಂದರು.

ಟೈಲರಮ್ಮ ತಲೆಯಾಡಿಸಿದರು. ಮೆಕ್ಯಾನಿಕ್ ಲಿಫ್ಟಿನ ಗುಂಡಿ ಒತ್ತಿದ. ಕಾರು ಬುಸುಗುಡುತ್ತ ನೆಲಕ್ಕಿಳಿಯಿತು. ಇಳಿದದ್ದೇ ಮತ್ತೆ ಅದೇ ಹಳೆಯ ಕಾರು. ಕೆನೆ ಬಣ್ಣ, ಮುಖ ಕಾಣುವಷ್ಟು ಹೊಳಪು, ಒಂದು ಗೀರಿಲ್ಲ. ಇದರ ಹೊಟ್ಟೆಯೊಳಗೆ ಈಗ ತಾನೇ ಆಕಾಶ ಕಂಡೆವು ಎಂದರೆ ಯಾರೂ ನಂಬುವ ಹಾಗಿರಲಿಲ್ಲ.

"ಇನ್ನೇನು ಮಾಡಬೇಕೋ?"

"ಪರವಾನಗಿ ಇರೋ ಗುಜರಿಯವರಿಗೇ ಕೊಡಬೇಕು ಭಾವ. ಬೀದಿ ಬದಿ ನಿಲ್ಲಿಸಿ ಕೈ ತೊಳ್ಕೋಬಾರದು. ಬ್ಯಾಟರಿ, ಎಣ್ಣೆ ಮಣ್ಣಿಗೆ ಇಳಿದ್ರೆ ಬಾವಿ ನೀರಿಗೂ ಇಳಿಯುತ್ತೆ. ಅವರು ಎಲ್ಲಾ ಬೇರೆ ಬೇರೆ ತೆಗೀತಾರೆ. ಕಾರು ಮುರಿದಿದ್ದಕ್ಕೆ ಒಂದು ಕಾಗದ ಕೊಡ್ತಾರೆ. ಅದನ್ನ ತೋರಿಸಿ ನೋಂದಣಿ ರದ್ದು ಮಾಡಿಸಬೇಕು, ಮರೀಬಾರದು. ಇಲ್ಲದಿದ್ರೆ ನಿಮ್ಮ ನಂಬರ್ ಪ್ಲೇಟ್ ಹಾಕ್ಕೊಂಡು ಯಾವನೋ ಏನೋ ಮಾಡ್ತಾನೆ, ಪೊಲೀಸರು ನಿಮ್ಮ ಮನೆ ಬಾಗಿಲಿಗೆ ಬರ್ತಾರೆ. ಚೆನ್ನಾಗಿರೋ ಎಂಜಿನ್ ಅವರೇ ಬಿಚ್ಚಿ ಇನ್ನೊಂದು ಕಡೆ ಕಳಿಸಬಹುದು. ಉಳಿದ ಕಬ್ಬಿಣ ಕುಲುಮೆಗೆ."

"ಕುಲುಮೆಗೆ," ಎಂದರು ಪೇಂಟರ್.

"ಕಬ್ಬಿಣ ಸಾಯಲ್ಲ ಭಾವ. ಕರಗುತ್ತೆ, ಮತ್ತೆ ಎದ್ದು ನಿಲ್ಲುತ್ತೆ. ಮುಂದಿನ ವರ್ಷ ಯಾವುದೋ ಮನೆ ಕಿಟಕಿ ಸರಳಾಗಿ ನಿಮ್ಮ ಕೈಗೇ ಬಣ್ಣಕ್ಕೆ ಬಂದ್ರೂ ಬಂತು."

ಪೇಂಟರ್ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಯಾರ ಮುಖವನ್ನೂ ನೋಡದೆ ಹೇಳಿದರು. "ಗುಜರಿಗೆ ಹಾಕೋ ಬದಲು... ಸಿಸ್ಟರಿಗೆ ಕೊಟ್ರೆ?"

ಸಿಸ್ಟರ್ ಎಂದರೆ ಅವರ ಪಕ್ಕದ ಮನೆಯ ನರ್ಸ್. ಎರಡು ವರ್ಷದಿಂದ ಕೇಳುತ್ತಿದ್ದರು: ಮಾರುವುದಾದರೆ ನನಗೇ ಕೊಡಿ ಅಣ್ಣ ಎಂದು. ಬೆಳಗ್ಗೆ ಡ್ಯೂಟಿಗೆ ಹೋಗುವಾಗ ಇಬ್ಬರು ಹೆಣ್ಣುಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಾರೆ. ಮಳೆ ಬಂದರೆ ಮೂವರಿಗೂ ಒಂದೇ ರೇನ್‌ಕೋಟು.

"ಹೆದ್ದಾರಿಗೆ ಹೋಗಲ್ಲ ಅವರು. ಆಸ್ಪತ್ರೆ, ಶಾಲೆ, ಮನೆ, ಅಷ್ಟೇ. ನಿಧಾನಕ್ಕೆ ಓಡಿಸ್ತಾರೆ. ಸ್ಕೂಟರಿಗಿಂತ ಮೇಲಲ್ವಾ?"

"ಸ್ಕೂಟರಲ್ಲಿ ಹೋಗುವಾಗ ಅಪಾಯ ಇದೆ ಅಂತ ಅವಳಿಗೆ ಗೊತ್ತಿರುತ್ತೆ ರೀ," ಎಂದರು ಟೈಲರಮ್ಮ. "ಇದರಲ್ಲಿ ಗೊತ್ತಿರಲ್ಲ."

ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ನರ್ಸೇ. ಅವರ ಸ್ಕೂಟರ್ ಬೆಳಗಿನಿಂದ ಇದೇ ವರ್ಕ್‌ಶಾಪಿನ ಮೂಲೆಯಲ್ಲಿ ಟೈರು ಬದಲಾಯಿಸಿಕೊಂಡು ನಿಂತಿತ್ತು. ಡ್ಯೂಟಿ ಮುಗಿಸಿ ಒಯ್ಯಲು ಬಂದಿದ್ದರು. ಆದರೆ ಅವರು ಸ್ಕೂಟರನ್ನು ನೋಡಲೇ ಇಲ್ಲ.

"ಅಯ್ಯೋ, ಇದ್ಯಾಕೆ ಇಲ್ಲಿ? ಮಾರೋಕೆ ತಂದ್ರಾ?" ಎಂದು ಕಾರಿನ ಸುತ್ತ ಒಂದು ಸುತ್ತು ಬಂದರು. ಕಿಟಕಿಯ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡರು. "ನೋಡಕ್ಕ, ಹೇಗಿಟ್ಟಿದ್ದಾರೆ ಅಣ್ಣ! ಹೊಸದೂ ಇಷ್ಟು ಹೊಳೆಯಲ್ಲ. ಅಣ್ಣ, ಬೇರೆಯವರಿಗೆ ಮಾತು ಕೊಟ್ಟಿಲ್ಲ ತಾನೇ? ಇದ್ದ ಹಾಗೇ ತಗೋತೀನಿ. ಏನಾದ್ರೂ ರಿಪೇರಿ ಇದ್ರೆ ನಾನೇ ಮಾಡಿಸ್ಕೋತೀನಿ. ನೀವು ಹೇಳಿದ್ದೇ ಬೆಲೆ, ಚೌಕಾಸಿ ಮಾಡಿದ್ರೆ ಕೇಳಿ. ನನ್ನ ಚಿಕ್ಕವಳಂತೂ ಹಿಂದಿನ ಸೀಟಿನ ಕಿಟಕಿ ನಂದು ಅಂತ ಆಗಲೇ ಜಗಳ ಆಡಿದ್ದಾಳೆ!"

ಓದುವವರೇ, ಇಲ್ಲಿ ಒಂದು ಕ್ಷಣ ಕಥೆಯನ್ನು ನಿಲ್ಲಿಸುತ್ತೇನೆ. ಪೇಂಟರ್ ಬಾಯಿ ತೆರೆಯುವ ಮೊದಲು ನಿಮ್ಮ ಹತ್ತಿರ ಮಾತಾಡಬೇಕು.

ನಿಮ್ಮ ಮನೆಯ ಮುಂದೆಯೂ ಒಂದು ಹಳೆಯ ಕಾರು ಇರಬಹುದು. ಅದನ್ನು ಉಳಿಸಲೋ ಬಿಡಲೋ ಎಂದು ನೀವೂ ಯೋಚಿಸುತ್ತಿರಬಹುದು. ಮೇಲಿನ ಹೊಳಪನ್ನು ಕೇಳಬೇಡಿ, ಅದು ಸುಳ್ಳು ಹೇಳುತ್ತದೆ. ಎಂಜಿನ್ನಿನ ಸದ್ದನ್ನು ಮಾತ್ರ ಕೇಳಬೇಡಿ, ಅದು ಅರ್ಧ ಸತ್ಯ ಹೇಳುತ್ತದೆ. ಮಳೆ ಬಂದ ಮಾರನೆಯ ದಿನ ಒಳಗಿನ ಮ್ಯಾಟು ಎತ್ತಿ ಮುಟ್ಟಿ ನೋಡಿ, ಒದ್ದೆ ಇದೆಯೇ? ಬಾಗಿಲುಗಳ ಕೆಳಗೆ ನೀರು ಹೋಗುವ ಸಣ್ಣ ತೂತುಗಳು ತೆರೆದಿವೆಯೇ? ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ, ದಯವಿಟ್ಟು ಮುಚ್ಚಬೇಡಿ. ವರ್ಷಕ್ಕೊಮ್ಮೆ ಲಿಫ್ಟ್ ಇರುವ ಕಡೆ ಹೋಗಿ ಕೆಳಗೆ ನಿಂತು ತಟ್ಟಿಸಿ ನೋಡಿ. ಬಿಚ್ಚಿ ಹಾಕುವ ಸಾಮಾನು ಕೆಟ್ಟಿದ್ದರೆ ಧೈರ್ಯವಾಗಿ ರಿಪೇರಿ ಮಾಡಿಸಿ, ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಎಸೆಯಬೇಕಾಗಿಲ್ಲ. ಆದರೆ ಎಲ್ಲವನ್ನೂ ಹಿಡಿದುಕೊಂಡಿರುವ ತಳವೇ ತಿಂದುಹೋಗಿದ್ದರೆ, ಇಬ್ಬರು ತಿಳಿದವರು ಹೌದೆಂದರೆ, ಅದನ್ನು ಮುರಿಯಲು ಕೊಡಿ. ಹಿಂದೆ ಕೂರುವವರಿಗೂ ಬೆಲ್ಟು ಬೇಕು ಎಂಬುದನ್ನು, ಮತ್ತು ಆ ಬೆಲ್ಟು ಕಚ್ಚಿಕೊಳ್ಳಲು ಕಬ್ಬಿಣ ಬೇಕು ಎಂಬುದನ್ನು ಮರೆಯಬೇಡಿ.

ಇನ್ನೊಂದು ಮಾತು, ಎಲ್ಲಕ್ಕಿಂತ ಕಷ್ಟದ ಮಾತು. ನೀವು ಕೂರಲು ಹೆದರುವ ಕಾರಿನಲ್ಲಿ ಇನ್ನೊಬ್ಬರನ್ನು ಕೂರಿಸಬೇಡಿ. ಕೊಳ್ಳುವವರು ಎಷ್ಟೇ ಆಸೆಯಿಂದ ಕೇಳಲಿ, ಅವರ ಕಷ್ಟ ಎಷ್ಟೇ ನಿಜವಾಗಿರಲಿ.

ಈಗ ಶೆಡ್ಡಿಗೆ ಹೋಗೋಣ. ನರ್ಸ್ ಕಾರಿನ ಹಿಂದಿನ ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡು ನಗುತ್ತ ಕಾಯುತ್ತಿದ್ದಾರೆ. ಮೆಕ್ಯಾನಿಕ್ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದಾನೆ. ಟೈಲರಮ್ಮ ಕರವಸ್ತ್ರದ ಗಂಟನ್ನು ಬಿಗಿಯಾಗಿ ಹಿಡಿದು ಗಂಡನನ್ನೇ ನೋಡುತ್ತಿದ್ದಾರೆ.

"ಕೊಡ್ತೀರಲ್ವಾ ಅಣ್ಣ?"

ಪೇಂಟರ್ ಗೋಡೆಯ ಹತ್ತಿರ ಹೋದರು. ಒರಗಿಸಿದ್ದ ಏಣಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡರು.

"ಕೊಡಲ್ಲ," ಎಂದರು.

"ತಮಾಷೆ ಮಾಡ್ಬೇಡಿ ಅಣ್ಣ. ನಾನೇನು ಹೊರಗಿನವಳಾ?"

"ಅಲ್ಲ ಸಿಸ್ಟರ್. ಅದಕ್ಕೇ. ನನ್ನ ಬಾಮೈದ ಇದನ್ನ ಇನ್ನೊಂದು ಸಲ ಮೇಲೆತ್ತುತ್ತಾನೆ, ಕೆಳಗೆ ನಿಂತು ನೋಡಿ. ನೋಡಿದ ಮೇಲೆ ನೀವು ಬೇಡ ಅಂದ್ರೂ ಸರಿ, ಬೇಕೇ ಬೇಕು ಅಂದ್ರೂ ಸರಿ. ನಾನಂತೂ ಕೊಡಲ್ಲ."